ಕ್ಯಾಮೆರಾ ನಿಮ್ಮ ಕೈಗೆ ಸಿಗದ ಗೇಮುಗಳು

ಪ್ರಶ್ನೆ: ಗೆಳೆಯರ ಮಾತು ಕೇಳಿ ‘ಟಾರ್ಮೆಂಟೆಡ್ ಸೋಲ್ಸ್’ ಎಂಬ ಹೆದರಿಸುವ ವಿಡಿಯೊ ಗೇಮು ಆಡಲು ಶುರು ಮಾಡಿದೆ. ಆಸ್ಪತ್ರೆ, ಕತ್ತಲು, ಒಗಟುಗಳು ಎಲ್ಲ ಹಿಡಿಸಿದವು. ಕ್ಯಾಮೆರಾ ಮಾತ್ರ ತಲೆ ಕೆಡಿಸುತ್ತಿದೆ. ಎಲ್ಲೋ ಛಾವಣಿಯ ಮೂಲೆಯಲ್ಲಿ ಕೂತಿರುತ್ತದೆ, ತಿರುಗಿಸಲು ಆಗುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ದೃಶ್ಯ ಬದಲಾಗಿ ಎಡ ಯಾವುದು ಬಲ ಯಾವುದು ಗೊತ್ತಾಗುವುದಿಲ್ಲ. ಪಾತ್ರದ ಎದುರಿಗೇ ನಿಂತ ಶತ್ರು ನನಗೆ ಕಾಣುವುದಿಲ್ಲ. 1990ರ ದಶಕದ ಯಂತ್ರಗಳಿಗೆ ಶಕ್ತಿ ಸಾಲುತ್ತಿರಲಿಲ್ಲ, ಒಪ್ಪಿದೆ. 2021ರ ಗೇಮಿಗೆ ಇದೇನು ದರ್ದು? ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವವರಿಗಾಗಿ ಮಾಡಿದ್ದೇ? ಇದನ್ನು ಆಡಲು ಏನಾದರೂ ಉಪಾಯ ಇದೆಯೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅನುಮಾನ ಮಾತ್ರ ಅರ್ಧ ಸರಿ. ಕ್ಯಾಮೆರಾ ಮೂಲೆ ಹಿಡಿದದ್ದು ಬಡತನದಿಂದ, ಅದು ನಿಜ. ಆದರೆ ಒಮ್ಮೆ ಅದು ಅಲ್ಲಿ ನಿಂತ ಮೇಲೆ ಗೇಮಿನ ಉಳಿದ ಅಂಗಗಳೆಲ್ಲ ಅದಕ್ಕೆ ಹೊಂದಿಕೊಂಡೇ ಬೆಳೆದವು. ಪಾತ್ರ ನಡೆಯುವ ರೀತಿ, ಗುಂಡುಗಳ ಲೆಕ್ಕ, ಸೇವ್ ಮಾಡುವ ಜಾಗ, ಶತ್ರುಗಳ ವೇಗ, ಬಾಗಿಲುಗಳು, ಎಲ್ಲವೂ. ಈಗ ಕ್ಯಾಮೆರಾ ಒಂದನ್ನೇ ಕಿತ್ತು ಬೇರೆ ಕಡೆ ಇಟ್ಟರೆ ಉಳಿದವು ನೆಟ್ಟಗೆ ನಿಲ್ಲುವುದಿಲ್ಲ. ಇವತ್ತಿನವರು ಇದೇ ಕ್ಯಾಮೆರಾ ಬೇಕೆಂದು ಹಟ ಹಿಡಿಯಲು ಅದೇ ಕಾರಣ. ನಿಟ್ಟುಸಿರಿನ ಗಿರಾಕಿಗಳೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಡತನದ ಕಥೆ. 1992ರಲ್ಲಿ ಫ್ರಾನ್ಸಿನ ಇನ್ಫೊಗ್ರಾಮ್ಸ್ ಕಂಪನಿಯಲ್ಲಿ ಫ್ರೆಡೆರಿಕ್ ರೇನಾಲ್ ಮತ್ತು ಜೊತೆಗಾರರು ‘ಅಲೋನ್ ಇನ್ ದ ಡಾರ್ಕ್’ ಮಾಡಿದರು. ಇಡೀ ಬಂಗಲೆಯನ್ನು ಮೂರು ಆಯಾಮದಲ್ಲಿ ಆಗಿಂದಾಗಲೇ ಚಿತ್ರಿಸುವ ತಾಕತ್ತು ಆಗಿನ ಕಂಪ್ಯೂಟರಿಗೆ ಇರಲಿಲ್ಲ. ಹಾಗಾಗಿ ಕೋಣೆಗಳನ್ನು ಬಿಡಿಬಿಡಿ ಚಿತ್ರಗಳಾಗಿ ಬರೆದಿಟ್ಟು, ಅವುಗಳ ಮೇಲೆ ಪಾಲಿಗಾನ್ ಎಂಬ ಪುಟ್ಟ ಚಪ್ಪಟೆ ತುಂಡುಗಳಿಂದ ಜೋಡಿಸಿದ ಮನುಷ್ಯರನ್ನು ಓಡಾಡಿಸಿದರು. ಚಿತ್ರ ಬರೆದದ್ದು ಒಂದು ಕೋನದಿಂದ ಎಂದ ಮೇಲೆ ಕ್ಯಾಮೆರಾ ಆ ಕೋನ ಬಿಟ್ಟು ಕದಲುವ ಹಾಗಿಲ್ಲ. 1996ರಲ್ಲಿ ಕ್ಯಾಪ್‌ಕಾಮ್‌ನ ‘ರೆಸಿಡೆಂಟ್ ಈವಿಲ್’ ಇದೇ ಉಪಾಯವನ್ನು ಪ್ಲೇಸ್ಟೇಷನ್ನಿಗೆ ತಂದಿತು. ನಿರ್ದೇಶಕ ಶಿಂಜಿ ಮಿಕಾಮಿ. ಪ್ಲೇಸ್ಟೇಷನ್ನಿನ ಪ್ರೊಸೆಸರ್ ಸುಮಾರು 33.9 ಮೆಗಾಹರ್ಟ್ಸ್, ಮುಖ್ಯ ಮೆಮೊರಿ 2 ಎಂಬಿ, ಚಿತ್ರಕ್ಕೆಂದೇ ಬೇರೆ 1 ಎಂಬಿ. ಇಷ್ಟರಲ್ಲಿ ಝೂಮರು ತೂಗುವ ಹಾಲ್, ಮೆಟ್ಟಿಲು, ಕಾರ್ಪೆಟ್ಟು, ಜಾಂಬಿ ಎಲ್ಲವನ್ನೂ ಜೀವಂತವಾಗಿ ಬಿಡಿಸಲು ಹೊರಟರೆ ಎಲ್ಲವೂ ರಟ್ಟಿನ ಡಬ್ಬಗಳಂತೆ ಕಾಣುತ್ತಿದ್ದವು. ಕೋಣೆಯನ್ನು ದೊಡ್ಡ ಕಂಪ್ಯೂಟರಿನಲ್ಲಿ ಮೊದಲೇ ಚಿತ್ರ ಮಾಡಿಟ್ಟರೆ, ಯಂತ್ರದ ಶಕ್ತಿಯನ್ನೆಲ್ಲ ಮನುಷ್ಯರಿಗೂ ರಾಕ್ಷಸರಿಗೂ ಮೀಸಲಿಡಬಹುದಲ್ಲ.

ಒಂದು ಕೋಣೆಯ ಒಳಗುಟ್ಟು ನೋಡಿ. ಹಿನ್ನೆಲೆ ಒಂದು ಚಪ್ಪಟೆ ಚಿತ್ರ. ಅದರಲ್ಲಿ ಕಂಬವಿದ್ದರೆ, ಆ ಕಂಬದ ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಪಾತ್ರ ಕಂಬದ ಹಿಂದೆ ಹೋದಾಗ ಆ ತುಂಡನ್ನು ಪಾತ್ರದ ಮೇಲೆ ಮತ್ತೆ ಬಿಡಿಸುತ್ತಾರೆ, ನಮಗೆ ಅವನು ಮರೆಯಾದ ಹಾಗೆ ಕಾಣುತ್ತದೆ. ಚಿತ್ರದ ಕೆಳಗೆ ಕಣ್ಣಿಗೆ ಕಾಣದ ನೆಲವೊಂದಿದೆ. ಎಲ್ಲಿ ನಡೆಯಬಹುದು, ಎಲ್ಲಿ ಗೋಡೆ ತಾಗುತ್ತದೆ ಎನ್ನುವುದು ಅದರಲ್ಲಿ ಗುರುತಾಗಿರುತ್ತದೆ. ಆ ನೆಲದ ಮೇಲೆ ಎಳೆದ ಗೆರೆಯೊಂದನ್ನು ದಾಟಿದ ತಕ್ಷಣ ಇನ್ನೊಂದು ಚಿತ್ರ ಬಂದು ಕೂರುತ್ತದೆ. ನಿಮ್ಮ ತಲೆ ಕೆಡಿಸಿದ್ದು ಆ ಗೆರೆಯೇ. ಅದು ಎಲ್ಲಿರಬೇಕು ಎಂದು ಒಬ್ಬ ಮನುಷ್ಯ ಕೂತು ಯೋಚಿಸಿ ನಿರ್ಧರಿಸಿರುತ್ತಾನೆ. ಗೇಮಿನ ಒಳ್ಳೆಯತನ ಕೆಟ್ಟತನ ಮುಕ್ಕಾಲು ಪಾಲು ಆ ಗೆರೆಯಲ್ಲೇ ಇದೆ.

ಸುಮ್ಮನೆ ಹೇಳಿದ ಮಾತಲ್ಲ ಇದು. ಪಾತ್ರವನ್ನು ಹಿಂದಿನಿಂದ ನೋಡುತ್ತ ಆಡುವ ಮಾಮೂಲಿ ಥರ್ಡ್ ಪರ್ಸನ್ ಗೇಮಿನಲ್ಲಿ ನೀವು ಏನು ಮಾಡುತ್ತೀರಿ? ಪಾತ್ರವನ್ನು ಗೋಡೆಯ ಈಚೆ ನಿಲ್ಲಿಸಿ, ಬಲಗೈ ಹೆಬ್ಬೆರಳಿನಿಂದ ಕ್ಯಾಮೆರಾ ತಿರುಗಿಸಿ, ತಿರುವಿನಾಚೆ ಯಾರಿದ್ದಾರೆಂದು ಇಣುಕಿ ನೋಡುತ್ತೀರಿ. ಪಾತ್ರಕ್ಕೆ ಕಾಣದ್ದು ನಿಮಗೆ ಕಾಣುತ್ತದೆ. ಅದೊಂದು ರಕ್ಷಣೆ, ಮತ್ತು ನಾವು ಅದನ್ನು ಎಷ್ಟು ಬಳಸುತ್ತೇವೆಂಬುದು ನಮಗೇ ಗೊತ್ತಿರುವುದಿಲ್ಲ. ಕೋನ ಕಟ್ಟಿಹಾಕಿದ ಗೇಮು ಇದನ್ನು ತಲೆಕೆಳಗು ಮಾಡುತ್ತದೆ: ಪಾತ್ರಕ್ಕೆ ಕಾಣುತ್ತಿರುವುದು ನಿಮಗೆ ಕಾಣುವುದಿಲ್ಲ. ತರ್ಕಕ್ಕೆ ಇದು ಸುಳ್ಳೇ. ಆದರೆ ಭಯ ತರ್ಕದ ಲೆಕ್ಕ ಕೇಳುವುದಿಲ್ಲ. ಚೌಕಟ್ಟಿನ ಹೊರಗೆ ಏನೋ ಕಾಲೆಳೆದುಕೊಂಡು ಬರುತ್ತಿದೆ, ನೋಡಬೇಕಾದರೆ ಆ ಕಡೆಗೇ ನಡೆಯಬೇಕು. ಇಣುಕಲು ದೇಹವನ್ನೇ ಪಣಕ್ಕಿಡಬೇಕು.

1998ರ ‘ರೆಸಿಡೆಂಟ್ ಈವಿಲ್ 2’ರ ಪೊಲೀಸ್ ಠಾಣೆಯಲ್ಲಿ ಒಂದು ಕಾರಿಡಾರ್ ಇದೆ. ನೀವು ನಡೆಯುತ್ತಿರುವಾಗ ಕಿಟಕಿಯ ಹೊರಗೆ ಏನೋ ಸರಕ್ಕನೆ ಹರಿದುಹೋಗುತ್ತದೆ. ಅಷ್ಟೇ. ಹೊಡೆದಾಟವಿಲ್ಲ, ಸಂಗೀತ ಏರುವುದಿಲ್ಲ. ಕ್ಯಾಮೆರಾ ನಿಮ್ಮ ಕೈಲಿದ್ದಿದ್ದರೆ ನೀವು ಆ ಕ್ಷಣ ನೆಲವನ್ನೋ ಮ್ಯಾಪನ್ನೋ ನೋಡುತ್ತಿದ್ದಿರಬಹುದು, ಅದು ವ್ಯರ್ಥವಾಗುತ್ತಿತ್ತು. ಇಲ್ಲಿ ತಪ್ಪಿಸಿಕೊಳ್ಳುವ ಹಾಗೇ ಇಲ್ಲ, ಕಿಟಕಿ ಚೌಕಟ್ಟಿನಲ್ಲೇ ಇದೆ. ಮುಂದಿನ ತಿರುವಿನಲ್ಲಿ ತಲೆಯಿಲ್ಲದ ಹೆಣ, ಮೇಲಿನಿಂದ ತೊಟ್ಟಿಕ್ಕುವ ರಕ್ತ. ಆ ಪ್ರಾಣಿ ಛಾವಣಿಯಲ್ಲಿರುವುದು ನಿಮಗೆ ಗೊತ್ತಾಗುವ ಹೊತ್ತಿಗೆ ಹೆದರಿಕೆಯ ಕೆಲಸ ಮುಗಿದಿರುತ್ತದೆ.

ಇನ್ನೊಂದು ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಿಲ್ಲ. ಮೊದಲ ‘ರೆಸಿಡೆಂಟ್ ಈವಿಲ್’ನ ಕಾರಿಡಾರೊಂದರಲ್ಲಿ ನಾಯಿಗಳು ಕಿಟಕಿ ಒಡೆದು ಒಳಗೆ ಹಾರುತ್ತವೆ. ಆಡಿದವರು ಯಾರೂ ಮರೆಯದ ಜಾಗ. 2002ರಲ್ಲಿ ಅದೇ ಗೇಮನ್ನು ಗೇಮ್‌ಕ್ಯೂಬ್‌ಗಾಗಿ ಹೊಸದಾಗಿ ಮಾಡಿದಾಗ ಹಳಬರು ಕಾರಿಡಾರಿಗೆ ಕಾಲಿಡುವ ಮೊದಲೇ ಬಂದೂಕು ಸಜ್ಜು ಮಾಡಿಕೊಂಡಿರುತ್ತಾರೆ ಎಂದು ತಯಾರಕರಿಗೆ ಗೊತ್ತಿತ್ತು. ಮೊದಲ ಸಲ ನಡೆದಾಗ ಗಾಜು ಬಿರುಕು ಬಿಡುತ್ತದೆ, ನಾಯಿ ಬರುವುದಿಲ್ಲ. ಎಲ್ಲ ಮರೆತು ವಾಪಸ್ಸು ಬರುವಾಗ ಬರುತ್ತದೆ. ಆಟಗಾರನ ನೆನಪಿನ ಜೊತೆಗೇ ಆಟವಾಡುವ ಈ ಕಿಲಾಡಿತನ ಸಾಧ್ಯವಾದದ್ದು ಯಾಕೆಂದರೆ ಎಲ್ಲರ ತಲೆಯಲ್ಲೂ ಆ ಕಾರಿಡಾರಿನ ಒಂದೇ ಚಿತ್ರ ಅಚ್ಚೊತ್ತಿತ್ತು.

ಹೆಚ್ಚಿನವರು ಗಮನಿಸದ ವಿಷಯವೂ ಇದೇ. ಈ ಗೇಮುಗಳಲ್ಲಿ ನೀವು ಒಂದೇ ಕಟ್ಟಡದಲ್ಲಿ ಗಂಟೆಗಟ್ಟಲೆ ಸುತ್ತುತ್ತೀರಿ. ಕೀಲಿ ಇಲ್ಲಿ, ಬೀಗ ಅಲ್ಲಿ, ನಡುವೆ ಕೊಲ್ಲದೆ ಬಿಟ್ಟ ಎರಡು ಜಾಂಬಿ. ಕ್ಯಾಮೆರಾ ತಿರುಗುವ ಗೇಮಿನಲ್ಲಿ ಕಾರಿಡಾರುಗಳೆಲ್ಲ ಒಂದರಂತೆ ಒಂದು. ಕೋನ ಕಟ್ಟಿದ ಗೇಮಿನಲ್ಲಿ ಪ್ರತಿ ಜಾಗಕ್ಕೂ ಒಂದು ಮುಖ ಇದೆ. ಮೇಲಿನಿಂದ ಕಾಣುವ ಮೆಟ್ಟಿಲು, ಕನ್ನಡಿಯ ಪಕ್ಕದ ಬಾಗಿಲು, ನೆಲಮಟ್ಟದಿಂದ ತೆಗೆದ ಉದ್ದನೆಯ ಓಣಿ. ಕೆಲವು ಗಂಟೆ ಆಡಿದ ಮೇಲೆ ಮ್ಯಾಪ್ ತೆರೆಯದೆಯೇ ದಾರಿ ಹೇಳಬಲ್ಲಿರಿ. ಹಾಗೆ ಪರಿಚಯವಾದ ಮೇಲೆ ಗೇಮು ಒಂದೇ ಒಂದು ಕೋನ ಬದಲಿಸಿದರೂ ಎದೆ ಧಸಕ್ಕೆನ್ನುತ್ತದೆ.

ಗುಂಡು, ಜೇಬು, ಸೇವ್ ಇವೆಲ್ಲ ಇಲ್ಲಿಗೇ ಬಂದು ಸೇರುತ್ತವೆ. ಮೊದಲ ‘ರೆಸಿಡೆಂಟ್ ಈವಿಲ್’ನಲ್ಲಿ ಆಡಲು ಆರಿಸಿಕೊಳ್ಳಬಹುದಾದ ಇಬ್ಬರಲ್ಲಿ ಕ್ರಿಸ್‌ಗೆ 6 ವಸ್ತು ಹಿಡಿಯುವ ಜಾಗ, ಜಿಲ್‌ಗೆ 8. ಸೇವ್ ಮಾಡಲು ಟೈಪ್‌ರೈಟರ್ ಸಿಗಬೇಕು, ಜೊತೆಗೆ ಇಂಕ್ ರಿಬ್ಬನ್ ಇರಬೇಕು, ರಿಬ್ಬನ್ನಿಗೂ ಲೆಕ್ಕ ಇದೆ. ನೀವು ಆಡುತ್ತಿರುವ ಗೇಮಿನಲ್ಲಿ ಆ ಜಾಗಕ್ಕೆ ಟೇಪ್ ಬಂದಿದೆ. ಬಾಗಿಲಾಚೆ ಏನಿದೆ ಗೊತ್ತಿಲ್ಲ, ಹಿಂದಿನ ಸೇವ್ ಬಹಳ ದೂರ, ಗುಂಡು ನಾಲ್ಕೇ ಉಳಿದಿವೆ. ಹೀಗಿದ್ದಾಗ ಮಾತ್ರ ಕಾಣದ ಮೂಲೆಗೆ ಬೆಲೆ ಬರುವುದು. ಎಲ್ಲಿ ಬೇಕಾದರೂ ಸೇವ್ ಮಾಡಬಹುದು ಎಂದಿದ್ದರೆ ನೀವು ಕಣ್ಣು ಮುಚ್ಚಿ ನುಗ್ಗುತ್ತಿದ್ದಿರಿ. ಬಾಗಿಲು ನಿಧಾನ ತೆರೆದುಕೊಳ್ಳುವ ದೃಶ್ಯವನ್ನೂ ಇದಕ್ಕೇ ಸೇರಿಸಿ. ಮುಂದಿನ ಕೋಣೆಯನ್ನು ಸಿಡಿಯಿಂದ ಓದಿಕೊಳ್ಳಲು ಯಂತ್ರಕ್ಕೆ ಸಮಯ ಬೇಕಿತ್ತು, ಆ ಕಾಯುವಿಕೆಯನ್ನು ಮುಚ್ಚಲು ಬಾಗಿಲು ಬಂತು ಎನ್ನುವುದು ನಿಜ. ಆದರೆ 1989ರಲ್ಲಿ ಕ್ಯಾಪ್‌ಕಾಮೇ ಫ್ಯಾಮಿಕಾಮ್ ಎಂಬ ಹಳೆಯ ಗೇಮ್ ಯಂತ್ರಕ್ಕೆ ಮಾಡಿದ್ದ ‘ಸ್ವೀಟ್ ಹೋಮ್’ನಲ್ಲೂ ಬಾಗಿಲು ಹೀಗೇ ತೆರೆಯುತ್ತಿತ್ತು. ಅಲ್ಲಿ ಸಿಡಿಯೇ ಇರಲಿಲ್ಲ. ‘ರೆಸಿಡೆಂಟ್ ಈವಿಲ್’ ಶುರುವಾದದ್ದೇ ಆ ಗೇಮನ್ನು ಮತ್ತೆ ಮಾಡೋಣ ಎಂಬ ಯೋಚನೆಯಿಂದ.

ಈಗ ನಿಮ್ಮ ಎಡ-ಬಲದ ಗೋಳು. ಸ್ಟಿಕ್ಕನ್ನು ಮೇಲಕ್ಕೆ ಒತ್ತಿ ನಡೆಯುತ್ತಿದ್ದೀರಿ ಎನ್ನಿ. ಗೆರೆ ದಾಟಿದಿರಿ, ಕ್ಯಾಮೆರಾ ಎದುರುಗಡೆಗೆ ಹೋಯಿತು. ಈಗ ‘ಮೇಲೆ’ ಎಂದರೆ ನೀವು ಬಂದ ದಾರಿ. ಪಾತ್ರ ಗಿರಕ್ಕನೆ ತಿರುಗಿ ಗೆರೆಯ ಈಚೆಗೆ ಬರುತ್ತದೆ, ಹಳೆಯ ಚಿತ್ರ ಮರಳುತ್ತದೆ, ಮತ್ತೆ ‘ಮೇಲೆ’ ಎಂದರೆ ಮುಂದೆ. ಹಿಂದೆ ಮುಂದೆ, ಹಿಂದೆ ಮುಂದೆ, ಅಷ್ಟರಲ್ಲಿ ಜಾಂಬಿ ಕತ್ತು ಹಿಡಿದಿರುತ್ತದೆ. ಇದಕ್ಕೆ ಹಳಬರು ಕಂಡುಕೊಂಡ ಪರಿಹಾರವೇ ಟ್ಯಾಂಕ್ ಕಂಟ್ರೋಲ್: ಮೇಲಿನ ಬಟನ್ ಒತ್ತಿದರೆ ಪಾತ್ರದ ಮುಖ ಯಾವ ಕಡೆಗಿದೆಯೋ ಆ ಕಡೆಗೆ ನಡಿಗೆ, ಎಡ ಬಲ ಒತ್ತಿದರೆ ನಿಂತಲ್ಲೇ ತಿರುಗುವುದು. ಕ್ಯಾಮೆರಾ ಎಲ್ಲಿಗೆ ಹಾರಿದರೂ ಮುಂದೆ ಎಂದರೆ ಮುಂದೆಯೇ. ಕೈಗೆ ಒರಟು, ನಿಜ. ಆದರೆ ಬುದ್ಧಿಗೆ ಸಲೀಸು. ಹೊಸಬರು ಇನ್ನೊಂದು ದಾರಿ ಹಿಡಿದಿದ್ದಾರೆ. ಚಿತ್ರ ಬದಲಾದರೂ ನೀವು ಸ್ಟಿಕ್ ಬಿಡುವವರೆಗೆ ಹಳೆಯ ದಿಕ್ಕನ್ನೇ ಗೇಮು ನೆನಪಿಟ್ಟುಕೊಳ್ಳುತ್ತದೆ.

‘ಟಾರ್ಮೆಂಟೆಡ್ ಸೋಲ್ಸ್’ನಲ್ಲಿ ಎರಡೂ ಇವೆ. ಸ್ಟಿಕ್ಕಿನಲ್ಲಿ ಹೊಸ ರೀತಿ, ಡಿ-ಪ್ಯಾಡಿನಲ್ಲಿ, ಅಂದರೆ ನಾಲ್ಕು ದಿಕ್ಕಿನ ಬಟನ್ನಿನಲ್ಲಿ, ಟ್ಯಾಂಕ್. ನೀವು ಸ್ಟಿಕ್ ಒಂದನ್ನೇ ನೆಚ್ಚಿಕೊಂಡಿದ್ದೀರಿ ಎಂದು ನನ್ನ ಊಹೆ. ಕೋಣೆ ಹುಡುಕುವಾಗ ಸ್ಟಿಕ್ ಇರಲಿ. ಉದ್ದನೆಯ ಓಣಿಯಲ್ಲಿ ಓಡಬೇಕಾದಾಗ, ಅದರಲ್ಲೂ ಕೋನ ಮೇಲಿಂದ ಮೇಲೆ ಬದಲಾಗುವ ಕಡೆ, ಹೆಬ್ಬೆರಳನ್ನು ಡಿ-ಪ್ಯಾಡಿಗೆ ತನ್ನಿ. ಒಂದು ಸಂಜೆ ಪರದಾಡುತ್ತೀರಿ, ಆಮೇಲೆ ಕೈಗೆ ಕೂರುತ್ತದೆ.

ಇಲ್ಲೇ ಒಂದು ಸ್ವಾರಸ್ಯ ಇದೆ. 2002ರ ‘ರೆಸಿಡೆಂಟ್ ಈವಿಲ್’ 2015ರಲ್ಲಿ ಎಚ್‌ಡಿ ಆಗಿ ಬಂದಾಗ ಹೊಸ ನಡಿಗೆಯನ್ನೂ ಸೇರಿಸಿದರು. ಅದರಲ್ಲಿ ಆಡಿದರೆ ಗೇಮು ಸುಲಭವಾಗಿಬಿಡುತ್ತದೆ. ಯಾಕೆ? ಜಾಂಬಿಯ ವೇಗ, ಓಣಿಯ ಅಗಲ, ಅದು ಕೈ ಚಾಚುವ ದೂರ ಎಲ್ಲವನ್ನೂ ನಿಂತು ತಿರುಗಬೇಕಾದ ಮನುಷ್ಯನಿಗೆಂದು ಅಳೆದಿದ್ದರು. ಆ ಮನುಷ್ಯ ತಟ್ಟನೆ ಪಕ್ಕಕ್ಕೆ ಜಾರಿಕೊಳ್ಳುವುದನ್ನು ಕಲಿತರೆ ಜಾಂಬಿ ಏನು ಮಾಡೀತು ಪಾಪ. ಒಂದು ಕಿತ್ತರೆ ಉಳಿದವು ಅಲುಗುತ್ತವೆ ಎಂದೆನಲ್ಲ, ಅದಕ್ಕೆ ಇದಕ್ಕಿಂತ ಪುರಾವೆ ಬೇಡ. 2005ರಲ್ಲಿ ‘ರೆಸಿಡೆಂಟ್ ಈವಿಲ್ 4’ ಕ್ಯಾಮೆರಾವನ್ನು ಭುಜದ ಹಿಂದಕ್ಕೆ ತಂದಾಗ ಅದೇ ಮಿಕಾಮಿ ಗುಂಡು, ಶತ್ರು, ವೇಗ ಎಲ್ಲವನ್ನೂ ಹೊಸದಾಗಿ ಹೂಡಬೇಕಾಯಿತು. ಅದ್ಭುತ ಗೇಮು. ಆದರೆ ಬೇರೆಯೇ ಜಾತಿಯದು.

ಹಾಗಾದರೆ ಕಾಣದ ಶತ್ರುವನ್ನು ಎದುರಿಸುವುದು ಹೇಗೆ? ಕಿವಿಯಿಂದ. ಕಣ್ಣಿನಿಂದ ಕಸಿದುಕೊಂಡದ್ದನ್ನು ಕಿವಿಗೆ ವಾಪಸ್ಸು ಕೊಡುವುದು ಈ ಗೇಮುಗಳ ಒಪ್ಪಂದ. ಟಿವಿಯ ಸ್ಪೀಕರ್ ಬಿಡಿ, ಹೆಡ್‌ಫೋನ್ ಹಾಕಿ. ಚಿತ್ರ ಬದಲಾದ ಕೂಡಲೇ ಒಂದು ಉಸಿರಿನಷ್ಟು ಹೊತ್ತು ನಿಂತುಬಿಡಿ. ಹೆಜ್ಜೆ, ನರಳಾಟ, ಲೋಹ ಉಜ್ಜುವ ಸದ್ದು ಏನಾದರೂ ಇದ್ದರೆ ಕೇಳಿಸುತ್ತದೆ. ಎರಡನೆಯದು, ಈ ಜಾತಿಯ ಬಹಳಷ್ಟು ಗೇಮುಗಳಲ್ಲಿ ಗುರಿಯ ಬಟನ್ ಹಿಡಿದರೆ ಪಾತ್ರ ತಾನೇ ಹತ್ತಿರದ ಶತ್ರುವಿನತ್ತ ತಿರುಗುತ್ತದೆ, ಅದು ಚೌಕಟ್ಟಿನ ಹೊರಗಿದ್ದರೂ. ಹಾಗಾಗಿ ಅನುಮಾನ ಬಂದಲ್ಲಿ ಸುಮ್ಮನೆ ಗುರಿ ಹಿಡಿದು ನೋಡಿ. ಬಂದೂಕಿನ ಮೂತಿಯೇ ದಿಕ್ಕು ಹೇಳುತ್ತದೆ, ಗುಂಡು ಖರ್ಚಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಗೆರೆಯ ಮೇಲೆ ನಿಂತು ಕಾದಾಡಬೇಡಿ. ಹೊಸಬರು ಸಾಯುವುದು ಬಹುತೇಕ ಅಲ್ಲೇ. ಶತ್ರು ಬಂತೆಂದರೆ ಹಿಂದಿನ ಚೌಕಟ್ಟಿಗೆ ಸರಿಯಿರಿ. ಯಾವ ಕೋನದಲ್ಲಿ ಓಣಿ ಉದ್ದಕ್ಕೂ ಕಾಣುತ್ತದೋ ಅಲ್ಲಿಗೆ ಅದನ್ನು ಎಳೆದುಕೊಂಡು ಬನ್ನಿ. ನಿಮ್ಮ ಗೇಮಿನಲ್ಲಿ ಇದಕ್ಕೆ ಇನ್ನೊಂದು ಕಟ್ಟುಪಾಡೂ ಇದೆ. ಲೈಟರ್ ಹಿಡಿದ ಕೈಯಲ್ಲಿ ಆಯುಧ ಹಿಡಿಯಲಾಗದು, ಗಾಢ ಕತ್ತಲೆಯಲ್ಲಿ ಹೆಚ್ಚು ಹೊತ್ತು ನಿಂತರೆ ಕತ್ತಲೆಯೇ ಕೊಲ್ಲುತ್ತದೆ. ಆದ್ದರಿಂದ ಒಳಗೆ ಹೊಕ್ಕ ಕೂಡಲೇ ಹಚ್ಚಬಹುದಾದ ಮೇಣದಬತ್ತಿಗಳನ್ನು ಹುಡುಕಿ ಹಚ್ಚಿ. ಹೊಡೆದಾಟವೆಲ್ಲ ಆ ಬೆಳಕಿನ ಸರಹದ್ದಿನಲ್ಲೇ ನಡೆಯಲಿ. ಇನ್ನು ಎಲ್ಲರನ್ನೂ ಕೊಲ್ಲಲೇಬೇಕೆಂಬ ಹಟ ಬೇಡ. ಅಗಲವಾದ ಕೋಣೆಯಲ್ಲಿ ಸುತ್ತು ಹಾಕಿ ತಪ್ಪಿಸಿಕೊಳ್ಳಿ. ಮತ್ತೆ ಮತ್ತೆ ಓಡಾಡಬೇಕಾದ ಇಕ್ಕಟ್ಟಿನ ಓಣಿಯಲ್ಲಿ ಮಾತ್ರ ಗುಂಡು ಖರ್ಚು ಮಾಡಿ.

ನಿಮ್ಮ ದೂರಿನಲ್ಲಿ ಪೂರ್ತಿ ಒಪ್ಪುವ ಮಾತೂ ಇದೆ. ಕೆಟ್ಟ ಕೋನಗಳು ಇರುವುದು ನಿಜ, ಹಳೆಯ ಗೇಮುಗಳಲ್ಲೂ ಇವೆ, ಹೊಸವುಗಳಲ್ಲೂ ಇವೆ. ಗೆರೆಯಾಚೆ ಒಂದೇ ಹೆಜ್ಜೆಗೆ ಶತ್ರುವನ್ನು ನಿಲ್ಲಿಸಿ, ಸದ್ದನ್ನೂ ಕೊಡದೆ ಮೊದಲ ಏಟು ಹೊಡೆಸುವುದು ಮೋಸ. ಹಳೆಯ ಚಿತ್ರದಲ್ಲಿದ್ದ ಬಾಗಿಲೋ ದೀಪವೋ ಏನೊಂದೂ ಹೊಸ ಚಿತ್ರದಲ್ಲಿ ಇಲ್ಲದೆ ದಿಕ್ಕು ತಪ್ಪಿಸುವುದು ಸೋಮಾರಿತನ. ಅಳೆಯಲು ನಾನು ಬಳಸುವ ಕ್ರಮ ಇಷ್ಟೇ: ಸತ್ತ ಮೇಲೆ ಅದೇ ಕೋಣೆಗೆ ಮತ್ತೆ ಹೋಗಿ, ಸದ್ದು, ನೆರಳು, ಕನ್ನಡಿ ಯಾವುದಾದರೂ ಸುಳಿವು ಮೊದಲೇ ಇತ್ತೇ ಎಂದು ನೋಡುತ್ತೇನೆ. ಇದ್ದರೆ ಸೋತದ್ದು ನಾನು. ಇಲ್ಲದಿದ್ದರೆ ಸೋತದ್ದು ಗೇಮು.

ನಿಟ್ಟುಸಿರಿನ ಮಾತಿಗೆ ಬರೋಣ. ಕೋಣೆಯನ್ನೂ ಪಾಲಿಗಾನಿನಲ್ಲೇ ಕಟ್ಟಿದ ಹಳೆಯ ಪ್ಲೇಸ್ಟೇಷನ್ ಗೇಮುಗಳಲ್ಲಿ ಗೋಡೆಗಳು ನಡುಗಿದಂತೆ, ನೆಲದ ಹಂಚು ಬಳುಕಿದಂತೆ ಕಾಣುತ್ತಿದ್ದುದು ನೆನಪಿರಬಹುದು. ಆ ಯಂತ್ರ ಪಾಲಿಗಾನಿನ ಮೂಲೆಗಳನ್ನು ಪೂರ್ಣ ಪಿಕ್ಸೆಲ್ಲಿಗೇ ಕೂರಿಸುತ್ತಿತ್ತು, ಅದಕ್ಕೇ ನಡುಕ. ಅದರ ಮೇಲೆ ಟೆಕ್ಸ್ಚರ್, ಅಂದರೆ ಮೈಮೇಲಿನ ಚಿತ್ರ, ಹಾಸುವಾಗ ದೂರ ಹತ್ತಿರದ ಲೆಕ್ಕ ಹಾಕುತ್ತಿರಲಿಲ್ಲ, ಅದಕ್ಕೇ ಬಳುಕು. ಬಣ್ಣಗಳ ಕೊರತೆ ಮುಚ್ಚಲು ಚುಕ್ಕಿ ಬೆರೆಸುತ್ತಿತ್ತು. ಈಗ ಇವನ್ನೆಲ್ಲ ಶೇಡರ್ ಎಂಬ ಚಿತ್ರಣದ ಪ್ರೋಗ್ರಾಂ ಬರೆದು ಬೇಕೆಂದೇ ತರುತ್ತಾರೆ. ಚೆನ್ನಾಗಿರುತ್ತದೆ, ಮಸುಕು ಚಿತ್ರದಲ್ಲಿ ಉಳಿದದ್ದನ್ನು ಕಲ್ಪನೆ ತುಂಬಿಕೊಳ್ಳುತ್ತದೆ. ಆದರೆ ನಡುಗುವ ಗೋಡೆಯೊಂದರಿಂದಲೇ ಹೆದರಿಸುತ್ತೇನೆಂದು ಹೊರಟ ಗೇಮುಗಳು ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತವೆ. ಹಳೆಯ ನೋಟ ಬೇರೆ, ಹಳೆಯ ಕ್ಯಾಮೆರಾ ಬೇರೆ. ನೀವು ಆಡುತ್ತಿರುವುದೇ ಸಾಕ್ಷಿ. ಚಿಲಿ ದೇಶದ ಡ್ಯುಯಲ್ ಎಫೆಕ್ಟ್ ತಂಡ ಚಿತ್ರಣವನ್ನು ಈ ಕಾಲದ್ದೇ ಇಟ್ಟು ಕ್ಯಾಮೆರಾವನ್ನಷ್ಟೇ ಹಳೆಯದರಿಂದ ತಂದಿತು. 2024ರ ‘ಕ್ರೋ ಕಂಟ್ರಿ’ ಇದಕ್ಕೆ ತದ್ವಿರುದ್ಧ: ನೋಟ ಪೂರ್ತಿ 90ರ ದಶಕದ್ದು, ಕ್ಯಾಮೆರಾ ಮಾತ್ರ ನೀವು ತಿರುಗಿಸಿದ ಕಡೆಗೆ.

ಚಿಕ್ಕ ತಂಡಗಳು ಈ ಕ್ಯಾಮೆರಾ ಹಿಡಿಯಲು ವ್ಯವಹಾರದ ಕಾರಣವೂ ಇದೆ. ಕಾಣದ ಗೋಡೆಯನ್ನು ಕಟ್ಟಬೇಕಿಲ್ಲ, ಬೆಳಕನ್ನು ಒಂದು ಕೋನಕ್ಕೆ ಹೊಂದಿಸಿದರೆ ಸಾಕು. ಖರ್ಚು ಉಳಿಯುವುದು ಅಲ್ಲಿಗೇ ನಿಂತಿತು. ನೂರಾರು ಕೋನಗಳನ್ನು ಒಂದೊಂದಾಗಿ ಆಡಿ ನೋಡಿ ತಿದ್ದುವ ಕೆಲಸಕ್ಕೆ ಅಡ್ಡದಾರಿ ಇಲ್ಲ.

ಇಷ್ಟೆಲ್ಲ ಮಾಡಿದರೂ ಹಿಡಿಸದಿದ್ದರೆ ಸಂಕೋಚವಿಲ್ಲದೆ ಬಿಡಿ. ‘ಕ್ರೋ ಕಂಟ್ರಿ’ ಆಡಿ. ಅದರಲ್ಲಿ ಶತ್ರುಗಳೇ ಬರದಂತೆ ಆಡುವ ಆಯ್ಕೆಯೂ ಇದೆ. ಅಥವಾ ಜರ್ಮನಿಯ ಇಬ್ಬರು ಸೇರಿ ಮಾಡಿದ 2022ರ ‘ಸಿಗ್ನಾಲಿಸ್’ ನೋಡಿ. ಹೆಚ್ಚಾಗಿ ಮೇಲಿನಿಂದ ನೋಡುವ ನೋಟ, ದಿಕ್ಕಿನ ಗೊಂದಲ ಕಡಿಮೆ. ಆದರೆ ಜೇಬಿನಲ್ಲಿ 6 ವಸ್ತುವಿಗಷ್ಟೇ ಜಾಗ, ಬಿದ್ದ ಶತ್ರುವನ್ನು ಸುಡದಿದ್ದರೆ ಮತ್ತೆ ಎದ್ದು ಬರಬಹುದು. ಅದೂ ಒಗ್ಗಿ, ಮೂಲವನ್ನೇ ನೋಡೋಣ ಅನ್ನಿಸಿದರೆ 2002ರ ‘ರೆಸಿಡೆಂಟ್ ಈವಿಲ್’ನ ಎಚ್‌ಡಿ ಆವೃತ್ತಿ ತೆಗೆದುಕೊಳ್ಳಿ. ಮೊದಲ ಸಲಕ್ಕೆ ಜಿಲ್‌ಳನ್ನೇ ಆರಿಸಿ. ಎರಡು ಜಾಗ ಹೆಚ್ಚು, ಬೀಗ ತೆರೆಯುವ ಸಲಕರಣೆಯೂ ಅವಳ ಹತ್ತಿರವೇ ಇರುತ್ತದೆ.